ಉಗ್ರಾಣಕ್ಕೆ ಚೀಟಿ ಅಂಟಿಸಿ

ಕತ್ತಲ ಉಗ್ರಾಣದಲ್ಲಿ ಕೈಯಾಡಿಸಿಯೇ ಮೆಂತ್ಯ ಯಾವುದು, ಸಾಸಿವೆ ಯಾವುದು ಎಂದು ಹೇಳಬಲ್ಲ ಅಮ್ಮನನ್ನು ಕೊಂಡಾಡುವುದು ನಮ್ಮ ಬರಹಗಾರರಿಗೆ ಬಲು ಇಷ್ಟ. ಒಂದೇ ಅಳತೆಯ ಗಾಜಿನ ಜಾಡಿಗಳನ್ನು ಸಾಲಿಟ್ಟು, ಹೆಸರಿನ ಚೀಟಿ ಅಂಟಿಸಿದ ಇಂದಿನ ಪ್ಯಾಂಟ್ರಿ ಕಂಡರೆ ಅವರಿಗೆ ನಗು. ಜಾಡಿಗಳ ಬಗ್ಗೆ ನನಗೂ ತಕರಾರಿದೆ: ಬೆಳಕಿಗಿಟ್ಟ ಅರಿಸಿನ, ಮೆಣಸಿನಪುಡಿ ಬಣ್ಣಗೆಡುತ್ತವೆ, ಡಬ್ಬಿಯೇ ಲೇಸು. ಆದರೆ ಚೀಟಿಯನ್ನು ಬಿಟ್ಟುಕೊಡಲಾರೆ.

ಅಕ್ಕಿಗೆ ಬೇವಿನೆಲೆ, ತೊಗರಿಬೇಳೆಗೆ ಹರಳೆಣ್ಣೆ, ಹಳೆಯದು ಮುಂದೆ, ಹೊಸದು ಹಿಂದೆ: ಇದೆಲ್ಲ ತಿಳಿವಳಿಕೆಯೇ, ನಿಜ. ಅದು ಒಬ್ಬಳ ತಲೆಯಲ್ಲಷ್ಟೇ ಉಳಿದರೆ ಪರಂಪರೆ ಎನ್ನಬೇಡಿ. ರಜೆಯಿಲ್ಲದ ನೌಕರಿ ಎನ್ನಿ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಬೇಳೆ ಮುಗಿಯುತ್ತ ಬಂತೆಂದು ನೆನಪಿಟ್ಟುಕೊಳ್ಳುವ ಕೆಲಸಕ್ಕಂತೂ ಗಡಿಯಾರವೇ ಇಲ್ಲ.

"ಸಾಸಿವೆ ಎಲ್ಲಿದೆ?" ಎಂದು ನಡುಮನೆಯಿಂದ ಕೂಗುವವನಿಗೆ ಆ ಕತ್ತಲೇ ಆಸರೆ. ಡಬ್ಬಿಯ ಮೇಲೆ ಹೆಸರು ಬರೆಯಿರಿ, ತಂದ ದಿನಾಂಕ ಬರೆಯಿರಿ. ದಿನಬಳಕೆಯದನ್ನು ಎಲ್ಲರ ಕೈಗೆಟುಕುವಲ್ಲಿ ಇಡಿ. ಮುಗಿದದ್ದನ್ನು ಬರೆಯಲು ಬಾಗಿಲಿಗೊಂದು ಹಾಳೆ ತೂಗುಹಾಕಿ, ಮುಗಿಸಿದವರೇ ಬರೆಯಲಿ. ಅಮ್ಮ ನಾಲ್ಕು ದಿನ ಊರಿಗೆ ಹೋದಾಗಲೂ ಸಾರು ಕುದಿಯುವ ಮನೆಯ ಉಗ್ರಾಣವನ್ನಷ್ಟೇ ಅಚ್ಚುಕಟ್ಟು ಎಂದು ನಾನು ಒಪ್ಪುತ್ತೇನೆ.