ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಮಾತ್ರ ಕಾಣುವುದಿಲ್ಲ

ಎಂಪಿ3 ಪ್ಲೇಯರನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಅದರ ಪುಟ್ಟ ಪರದೆಯ ಮೇಲೆ ಬ್ಯಾಟರಿಯ ಚಿತ್ರ ಮೂಡುತ್ತದೆ, ಚಾರ್ಜ್ ಆಗತೊಡಗುತ್ತದೆ. ಕಂಪ್ಯೂಟರಿನಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಅಂಗಡಿಗೆ ಒಯ್ದರೆ ‘ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ’ ಎನ್ನುತ್ತಾರೆ. ಈ ತೀರ್ಪು ಬಹಳ ಸಲ ತಪ್ಪು. ಹಾಡು ಕೇಳಿಸುತ್ತಿದೆ, ಗುಂಡಿಗಳು ಕೆಲಸ ಮಾಡುತ್ತಿವೆ ಎಂದಮೇಲೆ ಬೋರ್ಡ್ ಪೂರ್ತಿ ಸತ್ತಿಲ್ಲ, ಮೆಮರಿಯೂ ಇದೆ. ಕೆಟ್ಟಿರುವುದು ಪ್ಲೇಯರಿಗೂ ಕಂಪ್ಯೂಟರಿಗೂ ನಡುವಿನ ಮಾತುಕತೆ. ಅದು ಕೆಡುವ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಬಳಸುವವರ ಅಜ್ಞಾನದ ಪಾಲು ಸ್ವಲ್ಪ, ತಯಾರಕರು ಬೇಕೆಂದೇ ಮಾಡಿದ ತೀರ್ಮಾನಗಳ ಪಾಲು ದೊಡ್ಡದು. ದುಡ್ಡು ಕೊಟ್ಟು ಕೊಂಡ ಪ್ಲೇಯರ್, ಯಾವ ವಿಶೇಷ ಸಾಫ್ಟ್‌ವೇರಿನ ಹಂಗಿಲ್ಲದೆ ಯಾವ ಕಂಪ್ಯೂಟರಿನಲ್ಲಾದರೂ ಪೆನ್‌ಡ್ರೈವಿನ ಹಾಗೆ ತೆರೆದುಕೊಳ್ಳಬೇಕು. ಅದನ್ನು ಖಾತ್ರಿಪಡಿಸುವ ಹೊಣೆ ಮಾಡಿ ಮಾರುವವರದು ಎಂಬುದು ನನ್ನ ವಾದ.

ಮೊದಲು ಕೇಬಲ್. ಹಳೆಯ ಮಾದರಿಯ ಯುಎಸ್‌ಬಿ ಕೇಬಲಿನೊಳಗೆ ನಾಲ್ಕು ತಂತಿಗಳಿರುತ್ತವೆ: 5 ವೋಲ್ಟ್ ವಿದ್ಯುತ್ತಿಗೆ ಒಂದು, ಅದರ ಗ್ರೌಂಡಿಗೆ ಒಂದು, ಮಾಹಿತಿ ಸಾಗಿಸಲು ಎರಡು. ಚಾರ್ಜ್ ಮಾಡುವುದಕ್ಕೆ ಮೊದಲಿನ ಎರಡೇ ಸಾಕು. ಹಾಗಾಗಿ ಅಗ್ಗದ ಟಾರ್ಚ್, ಸ್ಪೀಕರ್, ಟ್ರಿಮ್ಮರುಗಳ ಜೊತೆ ಬರುವ ಎಷ್ಟೋ ಕೇಬಲುಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ತಿಳಿಯದು. ಪ್ಲೇಯರ್ ತನ್ನ ಒಂದು ಮಾಹಿತಿ ತಂತಿಯ ವೋಲ್ಟೇಜನ್ನು 1.5 ಕಿಲೋ ಓಮ್‌ನ ರೆಸಿಸ್ಟರಿನ ಮೂಲಕ ಮೇಲೇರಿಸಿದಾಗಲೇ ಯಾರೋ ಬಂದಿದ್ದಾರೆ ಎಂದು ಕಂಪ್ಯೂಟರಿಗೆ ಗೊತ್ತಾಗುವುದು. ತಂತಿಯೇ ಇಲ್ಲದಿದ್ದರೆ ಗೊತ್ತಾಗುವುದು ಹೇಗೆ? ಆದ್ದರಿಂದ ಸಿಕ್ಕಿಸಿದಾಗ ವಿಂಡೋಸಿನಿಂದ ಸದ್ದು, ಸಂದೇಶ ಯಾವುದೂ ಬಾರದೆ ಚಾರ್ಜ್ ಮಾತ್ರ ಆಗುತ್ತಿದ್ದರೆ ಮೊದಲ ಅನುಮಾನ ಕೇಬಲಿನ ಮೇಲೆ ಬೀಳಬೇಕು. ಅದೇ ‘ಅಪರಿಚಿತ ಸಾಧನ’ ಎಂಬರ್ಥದ ಸಂದೇಶವೋ ಡಿವೈಸ್ ಮ್ಯಾನೇಜರಿನಲ್ಲಿ 43ನೇ ನಂಬರಿನ ದೋಷವೋ ಕಂಡರೆ ಕಥೆ ಬೇರೆ. ತಂತಿ ಇದೆ, ಪರಿಚಯ ಮಾಡಿಕೊಳ್ಳುವಾಗ ಮಾತು ಅರ್ಧಕ್ಕೆ ನಿಂತಿದೆ. ಪೋರ್ಟಿನಲ್ಲಿ ಸೇರಿಕೊಂಡ ಜೇಬಿನ ಧೂಳು, ಸಡಿಲವಾದ ಪಿನ್ನು, ಶಕ್ತಿ ಸಾಲದ ಹಬ್ಬು, ಪೂರ್ತಿ ಬರಿದಾದ ಬ್ಯಾಟರಿ, ಇವೆಲ್ಲ ಅಲ್ಲಿ ಆರೋಪಿಗಳು. ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟ್ ಬಿಟ್ಟು ಹಿಂಭಾಗದ ಪೋರ್ಟಿಗೆ ಸಿಕ್ಕಿಸಿದರೆ ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ.

ಕೇಬಲನ್ನು ಬದಲಿಸಿ ನೋಡುವುದು ಗ್ರಾಹಕರ ಕೆಲಸವಲ್ಲವೇ ಎಂದು ಕೇಳಬಹುದು. ಹೌದು, ಆದರೆ ಯಾವ ಕೇಬಲ್ ಯಾವುದಕ್ಕೆ ಎಂಬುದು ಅದರ ಮೈಮೇಲೆ ಬರೆದಿದ್ದರೆ ತಾನೆ? ಐರೋಪ್ಯ ಒಕ್ಕೂಟ 2024ರ ಡಿಸೆಂಬರ್ 28ರಿಂದ ಫೋನು, ಟ್ಯಾಬ್ಲೆಟ್, ಹೆಡ್‌ಫೋನ್ ಮುಂತಾದವಕ್ಕೆ ಯುಎಸ್‌ಬಿ ಸಿ ಪೋರ್ಟನ್ನು ಕಡ್ಡಾಯ ಮಾಡಿತು. ನಮ್ಮ ಭಾರತೀಯ ಮಾನಕ ಬ್ಯೂರೋ ಕೂಡ ಇದೇ ಪೋರ್ಟಿಗೆ ಮಾನದಂಡವನ್ನು ಪ್ರಕಟಿಸಿದೆ. ಆಕಾರ ಒಂದಾದದ್ದು ಒಳ್ಳೆಯದೇ. ಅದರಿಂದ ಗೊಂದಲ ಒಂದು ಬಗೆಯಲ್ಲಿ ಹೆಚ್ಚಿತು ಎಂಬುದೂ ನಿಜ: ಮೊದಲು ಸಿಕ್ಕಿಸಲು ಬಾರದ ಕೇಬಲ್ ‘ನಾನು ನಿನ್ನದಲ್ಲ’ ಎಂದು ತಾನೇ ಹೇಳುತ್ತಿತ್ತು, ಈಗ ಎಲ್ಲವೂ ಎಲ್ಲದಕ್ಕೂ ಸೇರುತ್ತವೆ. ಒಳಗೆ ಮಾಹಿತಿಯ ತಂತಿ ಇದೆಯೋ ಇಲ್ಲವೋ ಎಂಬ ಒಂದು ಸಾಲನ್ನು ಕೇಬಲಿನ ತುದಿಯಲ್ಲಿ ಅಚ್ಚು ಹಾಕಲು ತಗಲುವ ಖರ್ಚು ಲೆಕ್ಕಕ್ಕೇ ಬಾರದು.

ಕೇಬಲ್ ಸರಿ ಇದ್ದೂ ಪ್ಲೇಯರ್ ಕಾಣದಿದ್ದರೆ ವಿಷಯದ ತಿರುಳು ಅಲ್ಲಿದೆ. ಪ್ಲೇಯರುಗಳು ಕಂಪ್ಯೂಟರಿನೊಂದಿಗೆ ಮಾತಾಡುವುದು ಮುಖ್ಯವಾಗಿ ಎರಡು ರೀತಿಯಲ್ಲಿ. ಒಂದು ಪೆನ್‌ಡ್ರೈವಿನ ರೀತಿ. ಸೆಟ್ಟಿಂಗ್ಸಿನಲ್ಲಿ ಇದನ್ನು ಎಂಎಸ್‌ಸಿ ಎಂದು ಬರೆದಿರುತ್ತಾರೆ. ಇನ್ನೊಂದು ಎಂಟಿಪಿ, ಕ್ಯಾಮೆರಾಗಳಿಗಾಗಿ ಇದ್ದ ಪಿಟಿಪಿ ಪದ್ಧತಿಯನ್ನು ಮೈಕ್ರೋಸಾಫ್ಟ್ ಬೆಳೆಸಿ ಮಾಡಿದ್ದು. ಮೊದಲನೆಯದು ಉಗ್ರಾಣದ ಬೀಗದ ಕೈಯನ್ನೇ ಕಂಪ್ಯೂಟರಿನ ಕೈಗೆ ಕೊಟ್ಟಂತೆ. ಎರಡನೆಯದರಲ್ಲಿ ಉಗ್ರಾಣಿಯೊಬ್ಬ ಬಾಗಿಲಲ್ಲಿ ಕುಳಿತು, ಕೇಳಿದ್ದನ್ನಷ್ಟೇ ಎತ್ತಿಕೊಡುತ್ತಾನೆ. ಪೆನ್‌ಡ್ರೈವಿನ ರೀತಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಹುಟ್ಟಿನಿಂದ ಗೊತ್ತು. ಎಂಟಿಪಿ ಹಾಗಲ್ಲ. ಮ್ಯಾಕ್ ಅದನ್ನು ತಾನಾಗಿ ಅರ್ಥಮಾಡಿಕೊಳ್ಳುವುದಿಲ್ಲ, ಬೇರೆ ಸಾಫ್ಟ್‌ವೇರ್ ಹಾಕಬೇಕು. ವಿಂಡೋಸಿನಲ್ಲೂ ಎಲ್ಲ ಆವೃತ್ತಿಗಳು ಒಂದೇ ಅಲ್ಲ. 2004ರಲ್ಲಿ ಐರೋಪ್ಯ ಆಯೋಗ, ಮೀಡಿಯಾ ಪ್ಲೇಯರ್ ಇಲ್ಲದ ವಿಂಡೋಸನ್ನೂ ಮಾರಬೇಕು ಎಂದು ಮೈಕ್ರೋಸಾಫ್ಟಿಗೆ ಆದೇಶಿಸಿತು. ಹಾಗೆ ಹುಟ್ಟಿದ್ದು ಹೆಸರಿನ ಕೊನೆಗೆ ‘ಎನ್’ ಅಕ್ಷರ ಇರುವ ಆವೃತ್ತಿಗಳು. ಮೀಡಿಯಾ ಪ್ಲೇಯರಿನ ಜೊತೆ ಅದಕ್ಕೆ ಅಂಟಿಕೊಂಡಿದ್ದ ಎಂಟಿಪಿಯೂ ಹೊರಟುಹೋಯಿತು. ಯುರೋಪಿನಲ್ಲಿ ಓದಲು, ದುಡಿಯಲು ಹೋದ ನಮ್ಮವರು ಅಲ್ಲಿ ಕೊಂಡ ಲ್ಯಾಪ್‌ಟಾಪಿನಲ್ಲಿ ಪ್ಲೇಯರ್ ಕಾಣದಿದ್ದರೆ, ಮೀಡಿಯಾ ಫೀಚರ್ ಪ್ಯಾಕ್ ಎಂಬುದನ್ನು ಹಾಕುವ ತನಕ ಬೋರ್ಡನ್ನು ದೂರಿ ಉಪಯೋಗವಿಲ್ಲ. ಸ್ಪರ್ಧಾ ಕಾನೂನಿನ ಒಂದು ತೀರ್ಪು ಹೀಗೆ ಯಾರದೋ ಜೇಬಿನ ಪ್ಲೇಯರಿನವರೆಗೆ ಬಂದು ಮುಟ್ಟುತ್ತದೆಂದು ಬ್ರಸೆಲ್ಸಿನಲ್ಲಿ ಯಾರೂ ಎಣಿಸಿರಲಿಕ್ಕಿಲ್ಲ.

ಇದಕ್ಕೆ ಮದ್ದು ಇದ್ದೇ ಇತ್ತು ಎಂಬುದಕ್ಕೆ ಸ್ಯಾನ್‌ಡಿಸ್ಕ್ ಕಂಪನಿ 2007ರಲ್ಲಿ ತಂದ ಸಾನ್ಸಾ ಕ್ಲಿಪ್ ಸಾಕ್ಷಿ. ಬೆಂಕಿಪೊಟ್ಟಣದಷ್ಟು ದೊಡ್ಡದಾದ, ಅಂಗಿಗೆ ಸಿಕ್ಕಿಸಿಕೊಳ್ಳುವ ಈ ಪ್ಲೇಯರಿನ ಸೆಟ್ಟಿಂಗ್ಸಿನಲ್ಲಿ ಯುಎಸ್‌ಬಿ ಮೋಡ್ ಎಂಬ ಸಾಲು ಇತ್ತು. ಅಲ್ಲಿ ಆಟೋ, ಎಂಟಿಪಿ, ಎಂಎಸ್‌ಸಿ ಮೂರರಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದಿತ್ತು. ಕಂಪ್ಯೂಟರಿಗೆ ಕಾಣದ ಎಷ್ಟೋ ಕ್ಲಿಪ್‌ಗಳು ಎಂಎಸ್‌ಸಿಗೆ ಬದಲಿಸಿದ ಕೂಡಲೇ ಕಾಣಿಸಿಕೊಳ್ಳುತ್ತಿದ್ದವು. ಇಲ್ಲೂ ಒಂದು ತೊಡಕಿತ್ತು ಅನ್ನಿ: ಒಂದು ಮೋಡಿನಲ್ಲಿ ತುಂಬಿದ ಹಾಡು ಇನ್ನೊಂದು ಮೋಡಿನಲ್ಲಿ ಸಿಕ್ಕಿಸಿದಾಗ ಕಂಪ್ಯೂಟರಿಗೆ ಕಾಣದೆ ಹೋಗಬಹುದಿತ್ತು, ಹಾಡೆಲ್ಲ ಅಳಿಸಿಹೋಯಿತೆಂದು ಜನ ಗಾಬರಿ ಬೀಳುತ್ತಿದ್ದರು. ಆದರೂ ಬೀಗದ ಕೈ ಕೊಂಡವರ ಕೈಯಲ್ಲೇ ಇತ್ತು.

ಬೇರೆ ಕಂಪನಿಗಳು ಅದನ್ನು ಕೊಡಲು ಇಷ್ಟಪಡಲಿಲ್ಲ. 2001ರ ಅಕ್ಟೋಬರಿನಲ್ಲಿ ಬಂದ ಆಪಲ್ ಐಪಾಡ್ ಮೊದಲಿಗೆ ಮ್ಯಾಕ್‌ಗೆ ಮಾತ್ರ. ಮುಂದೆ ವಿಂಡೋಸಿಗೂ ಬಂದಿತು, ಡ್ರೈವ್ ಆಗಿಯೂ ತೆರೆದುಕೊಳ್ಳುತ್ತಿತ್ತು; ಆದರೆ ನೇರವಾಗಿ ಎಳೆದು ಹಾಕಿದ ಹಾಡನ್ನು ಅದು ನುಡಿಸುತ್ತಿರಲಿಲ್ಲ. ಐಟ್ಯೂನ್ಸ್ ಮೂಲಕವೇ ಹೋಗಬೇಕು. ಹಾಗೆ ಹೋದ ಹಾಡುಗಳನ್ನು ಅದು ಕಣ್ಣಿಗೆ ಕಾಣದ ಫೋಲ್ಡರಿನಲ್ಲಿ ನಾಲ್ಕಕ್ಷರದ ಅರ್ಥವಿಲ್ಲದ ಹೆಸರು ಕೊಟ್ಟು ಅಡಗಿಸುತ್ತಿತ್ತು. ಹಾಡುಗಳ ಪಟ್ಟಿ ಮತ್ತೊಂದು ಫೈಲಿನಲ್ಲಿ. 2007ರ ಹೊಸ ಐಪಾಡ್‌ಗಳಲ್ಲಿ ಆ ಪಟ್ಟಿಗೂ ಒಂದು ಗುಪ್ತ ಮುದ್ರೆ ಸೇರಿತು. ಲಿನಕ್ಸ್ ಬಳಸುವವರು ತಮ್ಮ ಸಾಫ್ಟ್‌ವೇರಿನಿಂದ ತುಂಬಿದ ಹಾಡುಗಳನ್ನು ಐಪಾಡ್ ಗುರುತಿಸದಾಯಿತು. ಆಸಕ್ತರು ಕೆಲವೇ ದಿನಗಳಲ್ಲಿ ಆ ಮುದ್ರೆಯ ಗುಟ್ಟನ್ನು ಬಿಡಿಸಿದರು, ಅದು ಬೇರೆ ಮಾತು. ಸೋನಿಯ ಆರಂಭದ ನೆಟ್‌ವರ್ಕ್ ವಾಕ್‌ಮನ್‌ಗಳಂತೂ ಎಂಪಿ3 ಹಾಡನ್ನು ಅಟ್ರಾಕ್ ಎಂಬ ತಮ್ಮದೇ ರೂಪಕ್ಕೆ ತಿರುಗಿಸಿಕೊಂಡು ಸೋನಿಕ್‌ಸ್ಟೇಜ್‌ನಂಥ ಸಾಫ್ಟ್‌ವೇರಿನ ಮೂಲಕವೇ ಒಳಗೆ ಬಿಡುತ್ತಿದ್ದವು. 2006ರ ನವೆಂಬರಿನಲ್ಲಿ ಬಂದ ಮೈಕ್ರೋಸಾಫ್ಟ್ ಜ್ಯೂನ್ ಡ್ರೈವ್ ಆಗಿ ಕಾಣಿಸಿಕೊಳ್ಳಲೇ ಇಲ್ಲ. ಅದೇ ಕಂಪನಿ ಎರಡು ವರ್ಷ ಮೊದಲು ‘ಪ್ಲೇಸ್ ಫಾರ್ ಶೂರ್’, ಅಂದರೆ ಖಂಡಿತ ನುಡಿಯುತ್ತದೆ ಎಂಬ ಮುದ್ರೆಯೊತ್ತಿ ಮಾರಿಸಿದ್ದ ಹಾಡುಗಳು ಜ್ಯೂನ್‌ನಲ್ಲಿ ನುಡಿಯಲೂ ಇಲ್ಲ. 2015ರ ನವೆಂಬರಿನಲ್ಲಿ ಜ್ಯೂನ್ ಸೇವೆಗಳೂ ಮುಚ್ಚಿದವು. ಪ್ಲೇಯರ್ ಗಟ್ಟಿಮುಟ್ಟಾಗಿದ್ದು ಅದಕ್ಕೆ ಬೇಕಾದ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿನಲ್ಲಿ ನಡೆಯದಿದ್ದರೆ ಅದನ್ನು ಕೆಟ್ಟದ್ದು ಎನ್ನಬೇಕೋ, ಕೆಡಿಸಿದ್ದು ಎನ್ನಬೇಕೋ?

ಈ ವಾದಕ್ಕೆ ತಂತ್ರಜ್ಞರ ಕಡೆಯಿಂದ ಬರುವ ಆಕ್ಷೇಪ ಹಗುರವಾದದ್ದಲ್ಲ. ಪೆನ್‌ಡ್ರೈವಿನ ರೀತಿಯಲ್ಲಿ ತೆರೆದಾಗ ಮೆಮರಿಯ ಮೇಲೆ ಕಂಪ್ಯೂಟರಿನದೇ ಪೂರ್ತಿ ಅಧಿಕಾರ. ಆ ಹೊತ್ತಿನಲ್ಲಿ ಪ್ಲೇಯರ್ ಅದನ್ನು ಮುಟ್ಟುವಂತಿಲ್ಲ. ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಫೈಲುಗಳ ಪಟ್ಟಿಯೇ ಹಾಳಾಗಿ, ಮುಂದಿನ ಸಲ ‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ವಿಂಡೋಸ್ ಕೇಳುತ್ತದೆ. (ಆ ಪ್ರಶ್ನೆಗೆ ಹೂಂ ಎನ್ನಬಾರದು. ಒಳಗಿನ ಹಾಡುಗಳನ್ನು ರಿಕವರಿ ಸಾಫ್ಟ್‌ವೇರಿನಿಂದ ಮೊದಲು ಹೊರತೆಗೆಯಬೇಕು, ಫಾರ್ಮ್ಯಾಟ್ ಆಮೇಲಿನ ಮಾತು.) ಎಂಟಿಪಿಯಲ್ಲಿ ಈ ಅಪಾಯ ಬಹಳ ಕಡಿಮೆ. 2011ರ ಹೊತ್ತಿಗೆ ಆಂಡ್ರಾಯ್ಡ್ ಎಂಟಿಪಿಯ ಕಡೆ ಹೊರಳಿದ್ದಕ್ಕೆ ಇದೂ ಒಂದು ಕಾರಣ. ಸಂಪರ್ಕಗಳು, ಸಂದೇಶಗಳು, ಬ್ಯಾಂಕಿನ ಆ್ಯಪ್‌ಗಳು ತುಂಬಿದ ಫೋನಿಗೆ ಬಾಗಿಲಲ್ಲಿ ಉಗ್ರಾಣಿ ಇರುವುದೇ ಲೇಸು, ಒಪ್ಪೋಣ. ಹಾಡುಗಳಷ್ಟೇ ಇರುವ ಪ್ಲೇಯರಿಗೆ ಅದೇ ಕಾವಲು ಕಡ್ಡಾಯವಾಗಬೇಕಾದ ಕಾರಣ ಕಾಣುವುದಿಲ್ಲ. ಎಂಟಿಪಿಯನ್ನು ತೆಗೆದುಹಾಕಿ ಎಂದು ಯಾರೂ ಕೇಳುತ್ತಿಲ್ಲ. ಎರಡೂ ಇರಲಿ, ಸಿಕ್ಕಿಸಿದ ಕೂಡಲೇ ಯಾವುದು ಬೇಕೆಂದು ಪರದೆಯ ಮೇಲೆ ಕೇಳಲಿ. ಪರದೆ ಇಲ್ಲದಷ್ಟು ಸಣ್ಣ ಪ್ಲೇಯರಾದರೆ ಪೆನ್‌ಡ್ರೈವಿನ ರೀತಿಯೊಂದೇ ಸಾಕು.

ಎರಡನೆಯ ಆಕ್ಷೇಪ ಹಾಡು ಮಾಡಿದವರ ಪರವಾಗಿ ಬರುತ್ತದೆ. ಬೀಗ ಇಲ್ಲದಿದ್ದರೆ ಕದ್ದ ಹಾಡುಗಳೇ ತುಂಬುತ್ತವೆ ಎಂದು. ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘ 1998ರಲ್ಲಿ ಡೈಮಂಡ್ ಕಂಪನಿಯ ರಿಯೋ ಪ್ಲೇಯರಿನ ವಿರುದ್ಧ ಇದೇ ಮಾತು ಹಿಡಿದು ನ್ಯಾಯಾಲಯಕ್ಕೆ ಹೋಗಿತ್ತು. 1999ರಲ್ಲಿ ಮೇಲ್ಮನವಿ ನ್ಯಾಯಾಲಯ ರಿಯೋ ಪರ ನಿಂತಿತು: ತನ್ನ ಬಳಿ ಇರುವ ಹಾಡನ್ನು ಸ್ವಂತ ಬಳಕೆಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದರಲ್ಲಿ ತಪ್ಪಿಲ್ಲ ಎಂದಿತು. ಮುಂದೆ ಬೀಗ ಹಾಕಿದವರೇ ಅದನ್ನು ತೆಗೆದರು. 2007ರಲ್ಲಿ ಇಎಂಐ ತನ್ನ ಹಾಡುಗಳನ್ನು ಬೀಗವಿಲ್ಲದೆ ಮಾರಲು ಒಪ್ಪಿತು. 2009ರ ಜನವರಿಯಲ್ಲಿ, ಐಟ್ಯೂನ್ಸ್‌ನಲ್ಲಿ ಮಾರುವ ಹಾಡುಗಳೆಲ್ಲ ಇನ್ನು ಬೀಗರಹಿತ ಎಂದು ಆಪಲ್ ಸಾರಿತು. ಸೋನಿಯೂ 2007ರಲ್ಲೇ ಹೊಸ ವಾಕ್‌ಮನ್‌ಗಳಿಗೆ ಹಾಡನ್ನು ನೇರವಾಗಿ ಎಳೆದು ಹಾಕಲು ಬಿಟ್ಟಿತ್ತು. ಕಳ್ಳರಿಗೆ ಈ ಬೀಗಗಳು ಎಂದೂ ಅಡ್ಡಿಯಾಗಲಿಲ್ಲ. ಪಾಡುಪಟ್ಟವರು ದುಡ್ಡು ಕೊಟ್ಟು ಕೊಂಡವರು.

ಮೂರನೆಯವರು ಕೇಳುವುದು ಇಷ್ಟೇ: ಐಪಾಡನ್ನೇ ಆಪಲ್ 2022ರ ಮೇ ತಿಂಗಳಲ್ಲಿ ನಿಲ್ಲಿಸಿದೆ, ಎಲ್ಲರೂ ಫೋನಿನಲ್ಲಿ ನೆಟ್ ಮೂಲಕ ಕೇಳುತ್ತಾರೆ, ಇನ್ನೂ ಪ್ಲೇಯರಿನ ಚಿಂತೆ ಏಕೆ? ಉತ್ತರಕ್ಕೆ ಮಲೆನಾಡಿನ ಒಂದು ತಿರುವು ದಾಟಿದರೆ ಸಾಕು, ಸಿಗ್ನಲ್ ಇರುವುದಿಲ್ಲ. ಇನ್ನೂ ಮುಖ್ಯವಾದ ವಿಷಯವೆಂದರೆ, ಹಳೆಯ ಪ್ಲೇಯರುಗಳಲ್ಲಿ ಹಲವಕ್ಕೆ ಮೈಕ್ ಇತ್ತು. ರಾತ್ರಿಯಿಡೀ ನಡೆದ ತಾಳಮದ್ದಳೆ, ಊರಿನ ಭಜನಾ ಮಂಡಳಿಯ ಹಾಡು, ಮನೆಯ ಹಿರಿಯರು ಹೇಳಿದ ಸೋಬಾನೆ ಪದ, ಇಂಥವು ಯಾವ ಕಂಪನಿಯ ಸರ್ವರಿನಲ್ಲೂ ಸಿಗುವುದಿಲ್ಲ. ಕಪಾಟಿನಲ್ಲಿ ಬಿದ್ದಿರುವ ಆ ಪ್ಲೇಯರಿನಲ್ಲಿ ಇದ್ದರೆ ಇದೆ, ಇಲ್ಲವಾದರೆ ಇಲ್ಲ. ಅದನ್ನು ಹೊರತೆಗೆಯಲು ಆಗದಿರುವುದು ಹೊಸ ಪ್ಲೇಯರ್ ಕೊಂಡರೆ ತುಂಬಿಬರುವ ನಷ್ಟವಲ್ಲ. ಬ್ಲೂಟೂತ್ ಸ್ಪೀಕರ್, ವಾಯ್ಸ್ ರೆಕಾರ್ಡರ್, ಇ-ಪುಸ್ತಕ ಓದುವ ಸಾಧನ ಎಲ್ಲಕ್ಕೂ ಇದೇ ಕೇಬಲ್, ಇದೇ ಸಮಸ್ಯೆ ಎಂಬುದನ್ನೂ ಮರೆಯುವಂತಿಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರಿಪೇರಿಯ ಹಕ್ಕು’ ಪೋರ್ಟಲನ್ನು ತೆರೆದಿದೆ. ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ಅದರ ವ್ಯಾಪ್ತಿಯಲ್ಲಿವೆ. ಬಿಡಿಭಾಗ, ಕೈಪಿಡಿ, ಸರ್ವಿಸ್ ಸೆಂಟರುಗಳ ವಿವರಗಳನ್ನು ಒಂದೆಡೆ ಸೇರಿಸುವುದು ಅದರ ಉದ್ದೇಶ. ರಿಪೇರಿ ಎಂದರೆ ಬೆಸುಗೆ ಹಾಕುವುದಷ್ಟೇ ಎಂಬ ಎಣಿಕೆಯನ್ನು ಅಲ್ಲಿ ಸ್ವಲ್ಪ ಹಿಗ್ಗಿಸಬೇಕು. ಮಾರಾಟ ನಿಲ್ಲಿಸಿದ ಸಾಧನದ ಸಾಫ್ಟ್‌ವೇರನ್ನೂ ಫರ್ಮ್‌ವೇರನ್ನೂ ಕಂಪನಿ ಡೌನ್‌ಲೋಡಿಗೆ ಇಟ್ಟಿರಬೇಕು ಎಂದು ಕೇಳುವುದು ದುಬಾರಿ ಬೇಡಿಕೆಯಲ್ಲ. ಸ್ವಯಂಸೇವಕರೇ ಬರೆದ ರಾಕ್‌ಬಾಕ್ಸ್ ಎಂಬ ಫರ್ಮ್‌ವೇರ್, ಕಂಪನಿಗಳು ಕೈಬಿಟ್ಟ ಹತ್ತಾರು ಮಾದರಿಯ ಪ್ಲೇಯರುಗಳನ್ನು ಇಂದಿಗೂ ನಡೆಸುತ್ತಿದೆ. ಸಂಬಳವಿಲ್ಲದೆ ದುಡಿಯುವವರಿಂದ ಇಷ್ಟು ಆಗುವುದಾದರೆ ಮಾರಿ ಲಾಭ ಮಾಡಿದವರಿಂದ ಆಗದು ಎಂಬ ನೆಪ ನಿಲ್ಲುವುದಿಲ್ಲ. ಪೆಟ್ಟಿಗೆಯ ಮೇಲೆ ‘ಸಾಫ್ಟ್‌ವೇರ್ ಇಲ್ಲದೆ ಡ್ರೈವ್ ಆಗಿ ತೆರೆಯುತ್ತದೆ’ ಅಥವಾ ‘ತೆರೆಯುವುದಿಲ್ಲ’ ಎಂದು ಸ್ಪಷ್ಟವಾಗಿ ಬರೆಯುವುದನ್ನು ಕಡ್ಡಾಯ ಮಾಡಿದರೆ ಕೊಳ್ಳುವವರೇ ಉಳಿದದ್ದನ್ನು ನೋಡಿಕೊಳ್ಳುತ್ತಾರೆ. ಅಲ್ಲಿಯವರೆಗೆ ಅಂಗಡಿಯವರು ಬೋರ್ಡ್ ಹೋಗಿದೆ ಎನ್ನುವ ಮೊದಲು ಮಾಹಿತಿಯ ತಂತಿ ಇರುವ ಇನ್ನೊಂದು ಕೇಬಲ್ ಹಾಕಿ, ಸೆಟ್ಟಿಂಗ್ಸಿನಲ್ಲಿ ಮೋಡ್ ಬದಲಿಸಿ, ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ ನೋಡಲಿ. ಐದು ನಿಮಿಷದ ಕೆಲಸ; ಅದಕ್ಕೆ ಐವತ್ತು ರೂಪಾಯಿ ಕೇಳಿದರೂ ಗಿರಾಕಿ ಸಂತೋಷದಿಂದ ಕೊಡುತ್ತಾನೆ.