ನಮ್ಮ ತಟ್ಟೆಯಿಂದ ಕಾಣೆಯಾದ ನಾರು

ನಿನ್ನೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ನೀವು ತಿಂದದ್ದನ್ನು ಒಮ್ಮೆ ನೆನಪಿಸಿಕೊಳ್ಳಿ. ಬೆಳಿಗ್ಗೆ ಮೈದಾ ಪರೋಟ, ಮಧ್ಯಾಹ್ನ ಬಿಳಿ ಅನ್ನಕ್ಕೆ ಮಾಂಸದ ಸಾರು, ಸಂಜೆ ಚಹಾದ ಜೊತೆ ಸಮೋಸ, ರಾತ್ರಿ ಮತ್ತೆ ಅದೇ ಸಾರು. ಇದರಲ್ಲಿ ಸೊಪ್ಪು ಎಷ್ಟಿತ್ತು? ಕಾಳು ಎಷ್ಟಿತ್ತು? ಬಿರಿಯಾನಿಯ ಪಕ್ಕದಲ್ಲಿಟ್ಟ ನಾಲ್ಕು ಚೂರು ಈರುಳ್ಳಿಯನ್ನೇ ತರಕಾರಿ ಎಂದು ಲೆಕ್ಕ ಹಾಕುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ನಮ್ಮ ಮನೆಯೂ ಕೆಲವು ವರ್ಷಗಳ ಹಿಂದಿನವರೆಗೆ ಹಾಗೆಯೇ ಇತ್ತು.

ನಾವು ತಿನ್ನುವ ಆಹಾರ ನಮಗೊಬ್ಬರಿಗೇ ಸೇರುವುದಿಲ್ಲ. ದೊಡ್ಡ ಕರುಳಿನಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ನಮ್ಮ ಹೊಟ್ಟೆಗೆ ಕರಗಿಸಲಾಗದ ನಾರು ಅವುಗಳ ಊಟ. ಅದನ್ನು ಹುದುಗಿಸಿ ಅವು ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನ ಇದುವೇ. ಉರಿಯೂತವನ್ನು ತಗ್ಗಿಸುವುದರಲ್ಲಿ, ಹಾದಿ ತಪ್ಪಿದ ಕೋಶಗಳನ್ನು ಹತೋಟಿಯಲ್ಲಿಡುವುದರಲ್ಲಿ ಇದರ ಪಾಲಿದೆ. ನಾರು ಸಿಗದಿದ್ದಾಗ ಕೆಲವು ಬ್ಯಾಕ್ಟೀರಿಯಾಗಳು ಕರುಳನ್ನು ಕಾಯುವ ಲೋಳೆಯ ಪದರವನ್ನೇ ತಿನ್ನತೊಡಗುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಇನ್ನೊಂದು ಕಡೆ, ಊಟದಲ್ಲಿ ಕೊಬ್ಬು ಹೆಚ್ಚಾದಷ್ಟೂ ಅದನ್ನು ಕರಗಿಸಲು ಪಿತ್ತರಸ ಹೆಚ್ಚು ಸುರಿಯುತ್ತದೆ. ಅದರಲ್ಲಿ ಒಂದಿಷ್ಟು ದೊಡ್ಡ ಕರುಳನ್ನು ತಲುಪಿ, ಅಲ್ಲಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಕರುಳಿನ ಗೋಡೆಗೆ ಹಾನಿ ಮಾಡುವ ರೂಪಕ್ಕೆ ತಿರುಗುತ್ತದೆ.

ಇದಕ್ಕೆ ಒಂದು ಒಳ್ಳೆಯ ಪುರಾವೆ 2015ರಲ್ಲಿ ಪ್ರಕಟವಾಯಿತು. ಅಮೆರಿಕದ ಕಪ್ಪು ವರ್ಣೀಯರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಬಹಳ ಹೆಚ್ಚು. ದಕ್ಷಿಣ ಆಫ್ರಿಕಾದ ಹಳ್ಳಿಗಳ ಕಪ್ಪು ಜನರಲ್ಲಿ ಅದು ತೀರಾ ಅಪರೂಪ. ಮೂಲ ಒಂದೇ ಖಂಡ, ಆದರೆ ಊಟ ಬೇರೆ. ವಿಜ್ಞಾನಿಗಳು ಎರಡೂ ಕಡೆಯಿಂದ 20 ಮಂದಿಯಂತೆ ಆರಿಸಿ, ಎರಡು ವಾರ ಊಟವನ್ನು ಅದಲುಬದಲು ಮಾಡಿದರು. ಅಮೆರಿಕದವರಿಗೆ ಮೆಕ್ಕೆಜೋಳದ ಗಂಜಿ, ಕಾಳು, ಸೊಪ್ಪು. ಆಫ್ರಿಕಾದವರಿಗೆ ಸಾಸೇಜು, ಬರ್ಗರು, ಕರಿದ ಆಲೂಗಡ್ಡೆ. ಅಮೆರಿಕದವರ ದಿನದ ನಾರು ಸುಮಾರು 14 ಗ್ರಾಮಿನಿಂದ 55ಕ್ಕೆ ಏರಿತು. ಆಫ್ರಿಕಾದವರದು 66ರಿಂದ 12ಕ್ಕೆ ಇಳಿಯಿತು. ಪ್ರಯೋಗಕ್ಕೆ ಮುಂಚೆ ಅಮೆರಿಕದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಕರುಳಿನಲ್ಲಿ ಪಾಲಿಪ್ ಎಂಬ ಗಂಟುಗಳಿದ್ದವು. ಆಫ್ರಿಕಾದವರಲ್ಲಿ ಒಬ್ಬರಿಗೂ ಇರಲಿಲ್ಲ.

ಎರಡು ವಾರಗಳ ನಂತರ ಅಮೆರಿಕದವರ ಕರುಳಿನಲ್ಲಿ ಬ್ಯುಟಿರೇಟ್ ಎರಡೂವರೆ ಪಟ್ಟಾಗಿತ್ತು, ಉರಿಯೂತ ತಗ್ಗಿತ್ತು. ಆಫ್ರಿಕಾದವರಲ್ಲಿ ಬ್ಯುಟಿರೇಟ್ ಅರ್ಧಕ್ಕೆ ಇಳಿದು, ಉರಿಯೂತದ ಗುರುತುಗಳು ಹೆಚ್ಚಿದ್ದವು. ಎರಡು ವಾರದಲ್ಲಿ ಯಾರಿಗೂ ಕ್ಯಾನ್ಸರ್ ಬರುವುದಿಲ್ಲ, ಹೋಗುವುದೂ ಇಲ್ಲ. ಆದರೆ ಕರುಳಿನ ವಾತಾವರಣ ಇಷ್ಟು ಬೇಗ ಬದಲಾಗುತ್ತದೆ ಎಂಬುದು ನನ್ನ ಮಟ್ಟಿಗೆ ಬಹಳ ದೊಡ್ಡ ಸಮಾಧಾನ. ಮೂವತ್ತು ವರ್ಷ ಹೀಗೇ ತಿಂದಾಯಿತು, ಇನ್ನೇನು ಮಾಡುವುದು ಎನ್ನುವವರಿಗೆ ಇದೇ ಉತ್ತರ.

ಹಾಗಾದರೆ ಮಾಂಸ ಬಿಡಬೇಕೇ ಎಂದು ನೀವು ಕೇಳಬಹುದು. ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಾಸೇಜು, ಸಲಾಮಿಯಂತಹ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ. 18ರಷ್ಟು ಹೆಚ್ಚುತ್ತದೆ ಎಂಬುದು ಅದರ ಅಂದಾಜು. ಅವು ಹಲಾಲ್ ಮುದ್ರೆಯೊಂದಿಗೆ ಬಂದರೂ ಲೆಕ್ಕ ಬದಲಾಗುವುದಿಲ್ಲ. ದನ, ಕುರಿ, ಆಡಿನ ಮಾಂಸವನ್ನು ಅದು 'ಬಹುಶಃ ಕಾರಣ' ಎಂಬ ಗುಂಪಿನಲ್ಲಿಟ್ಟಿದೆ. ವಾರಕ್ಕೆರಡು ಬಾರಿ ಹಿತಮಿತವಾಗಿ ತಿನ್ನುವುದಕ್ಕೆ ನನ್ನ ತಕರಾರಿಲ್ಲ. ಮೂರು ಹೊತ್ತೂ ಮಾಂಸವಿಲ್ಲದಿದ್ದರೆ ಊಟವೇ ಅಲ್ಲ, ಅತಿಥಿಗೆ ಸೊಪ್ಪಿನ ಪಲ್ಯ ಬಡಿಸಿದರೆ ಮರ್ಯಾದೆಗೆ ಕಡಿಮೆ ಎಂಬ ಭಾವನೆ ಇದೆಯಲ್ಲ, ತಕರಾರು ಅದರ ಬಗ್ಗೆ. ನಮ್ಮ ಅಜ್ಜಿಯಂದಿರು ಹುರುಳಿ, ಅಲಸಂಡೆ, ಬಸಳೆ, ನುಗ್ಗೆ ಸೊಪ್ಪು, ಕುಚ್ಚಲಕ್ಕಿ ಗಂಜಿಯನ್ನು ಬಡತನದಿಂದ ತಿಂದಿರಬಹುದು. ಕೈಯಲ್ಲಿ ನಾಲ್ಕು ಕಾಸು ಬಂದ ಕೂಡಲೇ ನಾವು ಮೊದಲು ಕೈಬಿಟ್ಟದ್ದು ಅವನ್ನೇ. ಈಗ ಅದೇ ಕೆಲಸಕ್ಕೆಂದು ಔಷಧದ ಅಂಗಡಿಯಿಂದ 'ಒಳ್ಳೆಯ ಬ್ಯಾಕ್ಟೀರಿಯಾ'ದ ಮಾತ್ರೆ ತರುತ್ತಿದ್ದೇವೆ! ಊಟ ಕೊಡದೆ ಅತಿಥಿಯನ್ನು ಮನೆಗೆ ಕರೆದರೆ ಅವನು ಎಷ್ಟು ದಿನ ಇದ್ದಾನು?

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೊಂದು ಹೊತ್ತು ಕಾಳು, ಒಂದು ಹೊತ್ತು ಸೊಪ್ಪು, ಮೈದಾದ ಬದಲು ರಾಗಿ ಅಥವಾ ಗೋಧಿ, ಹಣ್ಣಿನ ರಸದ ಬದಲು ಇಡೀ ಹಣ್ಣು: ಇಷ್ಟರಿಂದ ಆರಂಭಿಸಿ. ಒಮ್ಮೆಗೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಬರುತ್ತದೆ. ನಿಧಾನವಾಗಿ ಹೆಚ್ಚಿಸಿ, ನೀರು ಸಾಕಷ್ಟು ಕುಡಿಯಿರಿ. ಕರುಳಿನ ಕಾಯಿಲೆ ಮೊದಲೇ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಚೆನ್ನಾಗಿ ತಿನ್ನುವವರಿಗೂ ಈ ಕ್ಯಾನ್ಸರ್ ಬರಬಹುದು. ಆದ್ದರಿಂದ ನಾಚಿಕೆಯ ಮಾತನ್ನೂ ಆಡಲೇಬೇಕು. ನನ್ನ ಚಿಕ್ಕಪ್ಪನಿಗೆ ಮಲದಲ್ಲಿ ರಕ್ತ ಕಾಣಿಸಿದಾಗ ಮೂಲವ್ಯಾಧಿ ಎಂದುಕೊಂಡು ಎಂಟು ತಿಂಗಳು ಮುಲಾಮು ಹಚ್ಚಿದರು. ಚಿಕ್ಕಮ್ಮನಿಗೂ ಹೇಳಿರಲಿಲ್ಲ. ಕೊಲೊನೊಸ್ಕೋಪಿ ಮಾಡಿಸುವ ಹೊತ್ತಿಗೆ ಗಡ್ಡೆ ಯಕೃತ್ತಿಗೆ ಹರಡಿತ್ತು. ಅದೇ ಗಡ್ಡೆ ಪಾಲಿಪ್ ಆಗಿದ್ದಾಗ ಸಿಕ್ಕಿದ್ದರೆ, ಅದೇ ಪರೀಕ್ಷೆಯ ವೇಳೆ ಕತ್ತರಿಸಿ ತೆಗೆಯಬಹುದಿತ್ತು. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ — ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಬಳಿ ಹೋಗಿ. ನಿಮ್ಮ ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ, ಯಾವ ಲಕ್ಷಣ ಇಲ್ಲದಿದ್ದರೂ ನಲವತ್ತು ತುಂಬುವ ಮೊದಲೇ ತಪಾಸಣೆಯ ಬಗ್ಗೆ ವಿಚಾರಿಸಿ. ಮನೆಯ ಗಂಡಸರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ.