ಬೆರಳ ತುದಿಗೆ ಪೆಟ್ಟಾದರೆ ದಯವಿಟ್ಟು ಅವಸರ ಬೇಡ

ರಾಣೆಬೆನ್ನೂರಿನ ಕಣಗಳಲ್ಲಿ ಮೆಕ್ಕೆಜೋಳ ಒಕ್ಕುವ ಮಷಿನ್, ಹಾವೇರಿಯ ಹಳ್ಳಿಗಳಲ್ಲಿ ಮೇವು ಕತ್ತರಿಸುವ ಯಂತ್ರ, ಬ್ಯಾಡಗಿಯಲ್ಲಿ ಖಾರದಪುಡಿ ಗಿರಣಿಯ ಬೆಲ್ಟು. ಬೆರಳು ಎಲ್ಲಿ ಬೇಕಾದರೂ ಸಿಕ್ಕೀತು. ಗಾಬರಿಯಲ್ಲಿ ಮನೆಯವರು ಡಾಕ್ಟರನ್ನು ಕೇಳುವುದು ಒಂದೇ ಮಾತು: "ಹೊಲಿಗಿ ಹಾಕ್ತೀರೇನ್ರೀ, ತುದಿ ತಗದ ಬಿಡ್ತೀರೇನ್ರೀ?" ಇರುವುದು ಈ ಎರಡೇ ದಾರಿಯಲ್ಲ.

ಮೂಳೆ ಕಾಣದೆ, ಚರ್ಮ ಹೋದ ಜಾಗ ಸುಮಾರು ಒಂದು ಸೆಂಟಿಮೀಟರಿನೊಳಗಿದ್ದರೆ, ಬರೀ ಡ್ರೆಸ್ಸಿಂಗ್ ಮಾಡುತ್ತ ಗಾಯ ತಾನೇ ತುಂಬಿಕೊಳ್ಳಲು ಬಿಡಬಹುದು. ಕೆಲವು ವಾರ ಹಿಡಿಯುತ್ತದೆ. ಮಕ್ಕಳಲ್ಲಿ ತುದಿ ಬಹಳ ಚೆನ್ನಾಗಿ ಮರಳಿ ಬೆಳೆಯುತ್ತದೆ. ಸ್ಪರ್ಶವೂ ಬಹುಮಟ್ಟಿಗೆ ಉಳಿಯುತ್ತದೆ. ಡಾಕ್ಟರು ಹೊಲಿಗೆ ಹಾಕಲಿಲ್ಲವೆಂದು ದಯವಿಟ್ಟು ಬೇಸರಪಡಬೇಡಿ. ಇದೂ ಪೂರ್ಣ ಚಿಕಿತ್ಸೆಯೇ.

ಮೂಳೆ ಹೊರಗೆ ಕಂಡರೆ ಯೋಚಿಸಬೇಕಾಗುತ್ತದೆ. ಮೂಳೆಯನ್ನು ತುಸು ಗಿಡ್ಡ ಮಾಡಿ ಮುಚ್ಚಿದರೆ ಬೇಗ ಕೆಲಸಕ್ಕೆ ಮರಳಬಹುದು, ಆದರೆ ಬೆರಳಿನ ಉದ್ದ ಕಡಿಮೆಯಾಗುತ್ತದೆ. ಪಕ್ಕದ ಚರ್ಮವನ್ನು ರಕ್ತನಾಳ ಸಮೇತ ಸರಿಸಿ ಮುಚ್ಚಿದರೆ ಉದ್ದ ಉಳಿಯುತ್ತದೆ. ಆ ಚರ್ಮ ನೆರೆಬೆರಳಿನಿಂದ ಬರಬೇಕಾದರೆ ಎರಡೂ ಬೆರಳು ಎರಡು–ಮೂರು ವಾರ ಜೋಡಿಕೊಂಡಿರಬೇಕು. ಮತ್ತೊಂದು ಸಲ ಆಪರೇಷನ್ ಆಗಬೇಕು. ವಯಸ್ಸಾದವರಲ್ಲಿ ಕೀಲು ಬಿಗಿಯಬಹುದು.

ಆದ್ದರಿಂದ ನಿಮ್ಮ ಕೆಲಸ ಯಾವುದೆಂದು ಡಾಕ್ಟರಿಗೆ ಮೊದಲೇ ಹೇಳಿ. ಮೆಣಸಿನಕಾಯಿಯ ತುಂಬು ಬಿಡಿಸುವ ತಾಯಿಗೆ, ಬೀಜೋತ್ಪಾದನೆಯ ಹೊಲದಲ್ಲಿ ಹೂವಿನ ಕ್ರಾಸಿಂಗ್ ಮಾಡುವ ತಂಗಿಗೆ, ಹೆಬ್ಬೆರಳು ತೋರುಬೆರಳುಗಳ ತುದಿಯ ಸ್ಪರ್ಶವೇ ದುಡಿಮೆ. ಹಮಾಲರಿಗೆ ಬೇಗ ಗಟ್ಟಿಯಾಗುವ ಬೆರಳು ಬೇಕಾದೀತು. ಎಷ್ಟು ದಿನ ಕೂಲಿ ತಪ್ಪುತ್ತದೆ, ಸ್ಪರ್ಶ ಎಷ್ಟು ಉಳಿಯುತ್ತದೆ, ಉಗುರು ಹೇಗೆ ಬರುತ್ತದೆ ಎಂದು ಸಂಕೋಚವಿಲ್ಲದೆ ಕೇಳಿ. ಕೇಳುವುದು ನಿಮ್ಮ ಹಕ್ಕು. ಆಯುಷ್ಮಾನ್ ಕಾರ್ಡ್ ಇದ್ದರೆ ಜೊತೆಗಿರಲಿ.

ಆಸ್ಪತ್ರೆ ತಲುಪುವವರೆಗಿನ ಕೆಲಸ ಮಾತ್ರ ನಿಮ್ಮದೇ. ಉಂಗುರವಿದ್ದರೆ ಬಾವು ಬರುವ ಮೊದಲೇ ತೆಗೆಯಿರಿ. ಶುದ್ಧ ನೀರು ಸುರಿದು ತೊಳೆಯಿರಿ. ಒಗೆದ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ. ದಾರದಿಂದ ಬಿಗಿದು ಕಟ್ಟಬೇಡಿ. ಟಿಟಿ ಇಂಜೆಕ್ಷನ್ ಬೇಕೇ ಎಂದು ವಿಚಾರಿಸಿ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ.

ತುಂಡಾದ ಭಾಗವಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಡಿ. ಐಸ್ ನೇರವಾಗಿ ತಾಗಬಾರದು. ಮತ್ತೆ ಜೋಡಿಸಲು ಆಗದಿದ್ದರೂ ಅದರ ಚರ್ಮವೋ ಉಗುರೋ ಉಪಯೋಗಕ್ಕೆ ಬರಬಹುದು. ಅದನ್ನು ಡಾಕ್ಟರು ತೀರ್ಮಾನಿಸಲಿ, ನೀವಾಗಿ ಎಸೆಯಬೇಡಿ.